ಕಣ್ಣು ಮುಚ್ಚಿ ಕೂರುವ ಆಟ

ಕೊಡಿಗೇನಹಳ್ಳಿಯಲ್ಲಿ ನನ್ನ ಶಿಶುವಿಹಾರಕ್ಕೆ ಕೊಟ್ಟ ಕೋಣೆ ಅದಕ್ಕೆ ಮೊದಲು ಕಡಲೆಕಾಯಿ ಮೂಟೆ ಇಡುವ ಉಗ್ರಾಣವಾಗಿತ್ತು. ಸುಣ್ಣ ಬಳಿಸಿದ ಮೇಲೂ ನೆಲದ ಬಿರುಕುಗಳಲ್ಲಿ ಸಿಪ್ಪೆ ಉಳಿದಿತ್ತು. ಮೊದಲ ವಾರವೆಲ್ಲ ಮಕ್ಕಳು ಕಡ್ಡಿ ಹಿಡಿದು ಅದನ್ನು ಕೆದಕುವುದರಲ್ಲೇ ಮುಳುಗಿದ್ದರು. ನಾನು ತರಬೇತಿಯಲ್ಲಿ ಕಲಿತು ಬಂದ ಯಾವ ಆಟವೂ ಅವರಿಗೆ ಅಷ್ಟು ಹಿಡಿಸಲಿಲ್ಲ.

ಜಯಮಂಗಲಿ ಹೊಳೆಯ ಮರಳು ತರಿಸಿ ಒಂದು ಮೂಲೆಯಲ್ಲಿ ಹರಡಿಸಿದೆ. ಬೆಂಗಳೂರಿನಿಂದ ತಂದಿದ್ದ ಬಣ್ಣದ ಚಿತ್ರಗಳನ್ನು ಗೋಡೆಗೆ ಹಾಕಿದೆ: ಹಸು ಮತ್ತು ಕರು, ಹಡಗು, ಕುರಿಮಂದೆಯ ನಡುವೆ ಕೋಲು ಹಿಡಿದು ನಿಂತ ಕುರುಬ. ಊರಿನವರು ಕಿಟಕಿಯಿಂದ ಇಣುಕಿ ನೋಡಿ ಹೋಗುತ್ತಿದ್ದರು. ಒಳಗೆ ಯಾರೂ ಬರುತ್ತಿರಲಿಲ್ಲ.

ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಮಧುಗಿರಿಯಿಂದ ಹಿಂದೂಪುರಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಕೆಮ್ಮುತ್ತ ನಿಲ್ಲುತ್ತಿತ್ತು. ಆ ಬಸ್ಸಿನಿಂದ ನಾನು ಒಂದು ಟ್ರಂಕು, ಒಂದು ಕೊಡೆ ಹಿಡಿದು ಇಳಿದಿದ್ದೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ, ಚಿಕ್ಕ ಮಕ್ಕಳಿಗೆ ಕಲಿಸುವ ತರಬೇತಿಯನ್ನೂ ಪಡೆದಿದ್ದವಳಿಗೆ ದೊಡ್ಡ ಊರೇ ಸಿಗಬಹುದಿತ್ತು. ನಾನು ಕೇಳಿ ಪಡೆದದ್ದು ಈ ಊರನ್ನು. ಕಾರಣ ಒಂದೇ, ಇಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ.

ಬಲ್ಲವರಿಗೆ ಗೊತ್ತಿದ್ದದ್ದು ಇಷ್ಟು. ನನಗೆ ಹನ್ನೊಂದಕ್ಕೆ ಮದುವೆಯಾಯಿತು. ಹದಿಮೂರಕ್ಕೆ, ಗಂಡನ ಮನೆಗೆ ಹೋಗುವ ಮೊದಲೇ, ಅವರು ಪ್ಲೇಗಿನಲ್ಲಿ ತೀರಿಕೊಂಡರು. ನನ್ನ ತಲೆ ಬೋಳಿಸಲು ಅಪ್ಪ ಒಪ್ಪಲಿಲ್ಲ, ಶಾಲೆಗೆ ಕಳಿಸಿದರು. ಕುಂಕುಮ ಮತ್ತು ಬಳೆ ಉಳಿಸುವುದು ಮಾತ್ರ ಅಪ್ಪನ ಹಟಕ್ಕೂ ಮೀರಿದ್ದಾಗಿತ್ತು. ನಾನೂ ಮುಂದೆ ಅದರ ಬಗ್ಗೆ ಯಾರೊಂದಿಗೂ ಮಾತನಾಡಲಿಲ್ಲ. ಕಾಲೇಜಿನಲ್ಲಿ ಯಾರೂ ಕೇಳುತ್ತಿರಲಿಲ್ಲ, ಕೇಳಿದವರಿಗೆ ಉತ್ತರ ಬೇಕಿರಲಿಲ್ಲ.

ತರಗತಿ ಶುರುವಾದ ಕೆಲವು ವಾರಕ್ಕೆ ತನಿಖೆಗೆ ಶಿಕ್ಷಣ ಇಲಾಖೆಯ ಇನ್ಸ್‌ಪೆಕ್ಟ್ರೆಸ್ ಅವರು ಬಂದರು. ಮರಳು ನೋಡಿದರು, ಮಕ್ಕಳ ಉಗುರು ನೋಡಿದರು, ಮೆಚ್ಚಿದರು. ಹೊರಡುವಾಗ ಬಾಗಿಲಲ್ಲಿ ನಿಂತು, "ತಾಯಂದಿರು ಎಲ್ಲಿ?" ಎಂದರು.

"ಇನ್ನೂ ಬಂದಿಲ್ಲ."

"ಮಗು ನಿಮ್ಮ ಹತ್ತಿರ ಇರುವುದು ಬೆಳಗಿನ ಹೊತ್ತು ಮಾತ್ರ. ಮಿಕ್ಕದ್ದೆಲ್ಲ ಮನೆಯಲ್ಲಿ. ತಾಯಂದಿರು ಈ ಕೋಣೆಯಲ್ಲಿ ಬಂದು ಕೂರದಿದ್ದರೆ ನೀವು ಕಲಿಸಿದ್ದು ಈ ಹೊಸ್ತಿಲು ದಾಟುವುದಿಲ್ಲ. ದೀಪಾವಳಿಯ ಹೊತ್ತಿಗೆ ಅವರನ್ನು ಒಳಗೆ ತನ್ನಿ. ಆಗದಿದ್ದರೆ ಹೇಳಿ, ತರಗತಿಯನ್ನು ಮಧುಗಿರಿಗೆ ಸಾಗಿಸೋಣ. ಅಲ್ಲಿ ಓದಿದ ಮನೆಗಳಿವೆ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಮಧುಗಿರಿಯ ಆ ಓದಿದ ಮನೆಗಳಲ್ಲಿ ಒಂದು ನಾನು ಸೊಸೆಯಾಗಿ ಹೋಗಬೇಕಿದ್ದ ಮನೆ. ಆ ಬೀದಿಯಲ್ಲಿ ದಿನವೂ ನಡೆದು ಶಾಲೆಗೆ ಹೋಗುವುದನ್ನು ನೆನೆದೇ ನನಗೆ ಅಂದು ಊಟ ಸೇರಲಿಲ್ಲ.

ಮಾರನೆಯ ದಿನ ತಳವಾರನನ್ನು ಕರೆದು, ಶುಕ್ರವಾರ ಮಧ್ಯಾಹ್ನ ಮಕ್ಕಳ ತಾಯಂದಿರೆಲ್ಲ ಶಿಶುವಿಹಾರಕ್ಕೆ ಬರಬೇಕೆಂದು ಬೀದಿ ಬೀದಿಯಲ್ಲಿ ಹೇಳಿಸಿದೆ. ಶುಕ್ರವಾರ ಚಾಪೆ ಹಾಸಿ, ಮಡಕೆಯಲ್ಲಿ ಪಾನಕ ಮಾಡಿಟ್ಟು ಕಾದೆ. ಒಬ್ಬರೂ ಬರಲಿಲ್ಲ. ಸಂಜೆ ಪಾನಕವನ್ನು ಬೇವಿನ ಮರದ ಬುಡಕ್ಕೆ ಚೆಲ್ಲಿದೆ. ಸೋಮವಾರ ಬರುವ ಮಕ್ಕಳೂ ಕಡಿಮೆಯಾದರು.

ಉಳಿದವರಲ್ಲಿ ಒಬ್ಬಳು ನಾಲ್ಕು ವರ್ಷದ ಹುಡುಗಿ. ಅವಳ ಮನೆಯವರು ಊರಾಚೆ ಹೊಲ ಇಟ್ಟುಕೊಂಡಿದ್ದ ಒಕ್ಕಲಿಗರು. ಹುಡುಗಿಗೆ ಮಾತು ಕಡಿಮೆ, ಕಿವಿ ಬಹಳ ಚುರುಕು. ತರಬೇತಿಯಲ್ಲಿ ನಮಗೆ ಕಲಿಸಿದ್ದ ಒಂದು ಆಟವಿತ್ತು: ಮಕ್ಕಳೆಲ್ಲ ಕೈಕಟ್ಟಿ, ಕಣ್ಣು ಮುಚ್ಚಿ, ಸದ್ದಿಲ್ಲದೆ ಕೂರಬೇಕು. ಸ್ವಲ್ಪ ಹೊತ್ತಿನ ಮೇಲೆ ಏನೇನು ಕೇಳಿಸಿತು ಎಂದು ಹೇಳಬೇಕು. ಬೇರೆ ಮಕ್ಕಳು ಕಾಗೆ, ಗಾಡಿ ಎನ್ನುತ್ತಿದ್ದರು. ಇವಳು, "ಆಚೆ ಮನೇಲಿ ಯಾರೋ ಮೊರದಾಗೆ ಕೇರ್ತಾವ್ರೆ, ಈಗ ನಿಲ್ಸಿದ್ರು" ಎನ್ನುತ್ತಿದ್ದಳು. ಬೆಳಗಾದರೆ, "ಕಣ್ಣು ಮುಚ್ಚೋ ಆಟ ಆಡಾನ" ಎಂದು ನನ್ನ ಸೆರಗು ಎಳೆಯುವಳು. ಆ ಊರಿನಲ್ಲಿ ನನ್ನನ್ನು ಮುಟ್ಟಿ ಕರೆಯುತ್ತಿದ್ದವಳು ಅವಳೊಬ್ಬಳೇ.

ಒಂದು ದಿನ ಅವಳೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಜ್ವರವಿರಬಹುದು ಎಂದುಕೊಂಡೆ. ಮೂರನೆಯ ದಿನ ಬಾವಿಯ ದಾರಿಯಲ್ಲಿ ತಾಯಿಯ ಹಿಂದೆ ಕುಣಿಯುತ್ತ ಹೋಗುವುದನ್ನು ಕಂಡೆ. ನನ್ನನ್ನು ನೋಡಿ ಓಡಿ ಬರಲು ಹೊರಟವಳನ್ನು ತಾಯಿ ರಟ್ಟೆ ಹಿಡಿದು ನಿಲ್ಲಿಸಿದಳು.

ಆ ಸಂಜೆ ನಾನೇ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಹುಡುಗಿಯ ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಒಳಬಾಗಿಲ ಸಂದಿನಲ್ಲಿ ಸೊಸೆಯ ಸೀರೆ ಕಾಣುತ್ತಿತ್ತು. ನಾನು ಚಪ್ಪಲಿ ಬಿಟ್ಟು ಕೆಳಗೇ ನಿಂತೆ.

"ಬರ್ರಿ ಮೇಷ್ಟ್ರಮ್ಮ," ಎಂದರು ಅಜ್ಜಿ, ಕೂರಲು ಹೇಳದೆ. "ಏನ್ ಕಲಿಸಿದ್ದೀರ್ರೀ ನನ್ನ ಮೊಮ್ಮಗಳಿಗೆ?"

"ಏನಾಯಿತು ಅಜ್ಜಿ?"

"ಮುದ್ದೆ ಇಕ್ಕಿದ್ರೆ ತಿನ್ನಾಕಿಲ್ಲ. ಕೈ ಕಟ್ಕಂಡು, ಕಣ್ಣು ಮುಚ್ಕಂಡು ಕೂತ್ಬುಡ್ತಾಳೆ. 'ಎಲ್ರೂ ಕಣ್ಣು ಮುಚ್ಚಿ, ಸದ್ದು ಮಾಡಬ್ಯಾಡಿ' ಅಂತಾಳೆ. ನನ್ನ ಮಗ ತುತ್ತು ಮುರಿಯೋ ಹೊತ್ಗೆ 'ಅಪ್ಪಾ, ಕಣ್ಣು!' ಅಂತ ಗದರ್ತಾಳೆ. ಆ ಎಮ್ಮೆಯಂಥೋನೂ ಮುಚ್ಕಂಡ. ಬೆಕ್ಕು ಬಂದು ಸಾರಿಗೆ ಬಾಯಿ ಹಾಕ್ತು."

ಬಾಗಿಲ ಸಂದಿನಿಂದ ತಡೆದ ನಗೆ ಕೇಳಿಸಿತು. ನನಗೂ ನಗು ಬಂತು. ಅಜ್ಜಿ ನಗಲಿಲ್ಲ.

"ಹಿಂದೂಪುರದ ಸಂತೆಯಾಗೆ ನಾನೂ ಕಂಡಿವ್ನಿ ಕಣಮ್ಮ. ಪುಸ್ತಕ ಮಾರೋ ಅಮ್ಮನೋರು ಇಂಗೇಯ ಇರ್ತಾರೆ. ಬೋಳು ಹಣೆ, ಕಾಲಿಗೆ ಮೆಟ್ಟು, ಕೈಯಾಗೊಂದು ಕೊಡೆ. ಕುರಿ ಕಾಯೋನ ಚಿತ್ರ ತೋರಿಸ್ತಾರೆ, ಹಾಡು ಹೇಳಿಸ್ತಾರೆ, ಆಮ್ಯಾಲೆ ಕಣ್ಣು ಮುಚ್ಚಿ ಅಂತಾರೆ. ನೀವು ಕಿರಿಸ್ತಾನರು ಅಂತ ಊರಿಗೇ ಗೊತ್ತೈತೆ. ಅದೇನ್ ತಪ್ಪಲ್ಲ ಬುಡಿ, ನಿಮ್ ದೇವ್ರು ನಿಮ್ಗೆ. ನಮ್ ಮಗೀನ ಯಾಕೆ ಎಳೀತೀರಿ?"

ಒಂದೊಂದಾಗಿ ಎಲ್ಲ ನನಗೆ ಅರ್ಥವಾಯಿತು: ಕಿಟಕಿಯಿಂದ ಇಣುಕಿದವರು ಆ ಕುರುಬನ ಚಿತ್ರವನ್ನೇ ಏಕೆ ದಿಟ್ಟಿಸುತ್ತಿದ್ದರು, ನಾನು ಬಾಡಿಗೆಗಿದ್ದ ಮನೆಯ ಒಡತಿ ನನಗೆ ಕೊಡಪಾನವನ್ನು ಏಕೆ ಬೇರೆ ಇಟ್ಟಿದ್ದರು, ಮಕ್ಕಳು ಏಕೆ ಕರಗಿ ಹೋದರು. ಆಟವೊಂದು ಶಾಲೆಯಿಂದ ಮನೆಗೆ ಹೋಗಿತ್ತು, ಇನ್ಸ್‌ಪೆಕ್ಟ್ರೆಸ್ ಬಯಸಿದ ಹಾಗೆಯೇ. ಮನೆಯಲ್ಲಿ ಅದನ್ನು ಪ್ರಾರ್ಥನೆ ಎಂದುಕೊಂಡಿದ್ದರು.

ಅಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಮುಂದಿನ ಪ್ರಶ್ನೆ ಬಂದೇ ಬರುತ್ತಿತ್ತು: ಹಾಗಾದರೆ ಹಣೆ ಏಕೆ ಹೀಗೆ? ಅದಕ್ಕೆ ಉತ್ತರ ಕೊಟ್ಟರೆ, ದಿನ ಬೆಳಗಾದರೆ ಮಕ್ಕಳು ಮೊದಲು ನೋಡುವುದು ಒಬ್ಬ ವಿಧವೆಯ ಮುಖವನ್ನು ಎಂದಾಗುತ್ತಿತ್ತು. ಈ ಎರಡರಲ್ಲಿ ಯಾವುದು ಅವರಿಗೆ ಕಡಿಮೆ ಕೆಟ್ಟದ್ದು ಎಂದು ನನಗೆ ತಿಳಿಯಲಿಲ್ಲ. ಸುಮ್ಮನೆ ತಿರುಗಿ ಹೋಗಿದ್ದರೆ ನನ್ನ ಗುಟ್ಟು ಉಳಿಯುತ್ತಿತ್ತು, ತರಗತಿ ಮುಚ್ಚುತ್ತಿತ್ತು. ಮುಚ್ಚಿದರೆ ಮಧುಗಿರಿ. ಅಲ್ಲಿ ಗುಟ್ಟೆಂಬುದೇ ಇರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಹುಡುಗಿಯ ದನಿ, "ಅವ್ವ, ಮೇಷ್ಟ್ರಮ್ಮ ಬಂದವ್ರೆ, ಬುಡು ನನ್ನ" ಎಂದಿತು.

"ಅಜ್ಜಿ, ನಾನು ಕ್ರೈಸ್ತಳಲ್ಲ," ಎಂದೆ. "ನಿಮ್ಮ ಹಾಗೆಯೇ."

ಅಜ್ಜಿ ತಲೆಯೆತ್ತಿ ನನ್ನ ಹಣೆ ನೋಡಿದರು, ಕೈ ನೋಡಿದರು. ಅವರ ಹಣೆಯೂ ಬರಿದಾಗಿತ್ತು, ಕೈಯಲ್ಲಿ ಬಳೆಯಿರಲಿಲ್ಲ. ಹುಣಸೆ ಬಿಡಿಸುವ ಬೆರಳು ನಿಂತಿತು.

"ಯಾವಾಗ?"

"ಹದಿಮೂರಕ್ಕೆ."

"ಮುಖ ಕಂಡಿದ್ಯಾ?"

"ಮದುವೆಯ ದಿನ."

"ನಮ್ಮ ಕಡೆ ಕೆಲವ್ರಲ್ಲಾದ್ರೆ ಇನ್ನೊಂದು ಸೀರೆ ಉಡಿಸಿ ಯಾರಿಗಾದ್ರೂ ಕೊಟ್ಬುಡ್ತಾರೆ. ನಿಮ್ಮಲ್ಲಿ ಇಲ್ವೇನೋ." ಬಹುವಚನ ಬಿಟ್ಟು 'ಕಂಡಿದ್ಯಾ' ಎಂದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. "ಥೂ, ಮುಂಚೇನೇ ಒಂದ್ ಮಾತು ಹೇಳಬಾರ್ದೇನವ್ವ? ನನ್ನ ಹಣೆನೂ ಬೋಳೇ. ನನ್ನ ಯಾರೂ ಕಿರಿಸ್ತಾನಳು ಅನ್ನಲಿಲ್ಲ ನೋಡು. ಎಲ್ಲಾ ಆ ಮೆಟ್ಟಿಂದ ಆಗಿದ್ದು."

"ಅತ್ತೆ, ಮೆಲ್ಲಗೆ," ಎಂದಿತು ಬಾಗಿಲ ಸಂದು.

"ಮೆಲ್ಲಗ್ಯಾಕೆ? ಕದ್ದಿದ್ದಾಳಾ ಅವಳು?" ಅಜ್ಜಿ ಸರಿದು ಜಗಲಿಯಲ್ಲಿ ಜಾಗ ಮಾಡಿದರು. "ಕೂತ್ಕ ತಾಯಿ. ನಾಳೆಯಿಂದ ಮಗೀನ ಕಳಿಸ್ತೀವಿ. ನಾನೂ ಬತ್ತೀನಿ, ಅದೇನ್ ಕಣ್ಣು ಮುಚ್ಚೋದೋ ನೋಡೇ ಬುಡಾನ. ಊರವ್ರಿಗೆ ನಾನು ಹೇಳ್ತೀನಿ, ನೀನು ಸುಮ್ಕಿರು."

ಹೇಳಬೇಡಿ ಎಂದು ನನ್ನ ಬಾಯಿಗೆ ಬಂತು. ಅವರು ಹೇಳದೆ ಇದ್ದರೆ ನಾನು ಬಂದ ಕೆಲಸ ಆಗುತ್ತಿರಲಿಲ್ಲ. ಜಗಲಿಯಲ್ಲಿ ಕೂತೆ. ಹುಡುಗಿ ಓಡಿ ಬಂದು ನನ್ನ ಮಡಿಲಲ್ಲಿ ಹುಣಸೆಬೀಜ ಸುರಿದಳು.

ಮರುದಿನ ಅಜ್ಜಿ ಮೊಮ್ಮಗಳ ಕೈ ಹಿಡಿದು ಬಂದು ಬಾಗಿಲ ಪಕ್ಕದಲ್ಲಿ ಕಾಲು ಚಾಚಿ ಕೂತರು. ಆಟ ಶುರುವಾಯಿತು. "ನಂಗೆ ಕಣ್ಣು ಮುಚ್ಚಿದ್ರೆ ನಿದ್ದೆ ಬತ್ತದೆ ಕಣವ್ವ" ಎಂದು ಮೊದಲೇ ಎಚ್ಚರಿಸಿದರು. ಬಂದೂ ಬಂತು. ಅವರ ಗೊರಕೆಗೆ ಮಕ್ಕಳು ನಕ್ಕು ಹೊರಳಿದರು. ಏನು ಕೇಳಿಸಿತು ಎಂದು ನಾನು ಕೇಳಿದಾಗ ಎಲ್ಲರೂ ಒಂದೇ ದನಿಯಲ್ಲಿ, "ಅಜ್ಜಿ!" ಎಂದರು.

ಅಜ್ಜಿ ಕಣ್ಣುಜ್ಜಿಕೊಂಡು, "ಇಷ್ಟೇನಾ? ಇದ್ರಾಗೆ ಯಾವ ದೇವ್ರೂ ಇಲ್ವಲ್ಲೇ!" ಎಂದರು, ಸ್ವಲ್ಪ ಬೇಸರದಿಂದಲೇ.

ಒಂದು ವಾರದೊಳಗೆ ಬಿಟ್ಟು ಹೋದ ಮಕ್ಕಳೆಲ್ಲ ಬಂದರು, ಹೊಸಬರೂ ಸೇರಿದರು. ಅಜ್ಜಿ ಬಾವಿಕಟ್ಟೆಯಲ್ಲಿ, ಗಿರಣಿಯಲ್ಲಿ, ಹೊಲದ ಬದುವಿನಲ್ಲಿ ನನ್ನ ಕಥೆ ಹೇಳಿದ್ದರು. ನನ್ನ ಮನೆಯೊಡತಿ ಮಂಡಿ ವ್ಯಾಪಾರದವರ ಮನೆಯಾಕೆ, ದಿನವೂ ಲಿಂಗಪೂಜೆಯಾಗದೆ ನೀರು ಮುಟ್ಟದವರು. ಅವರ ಹಿತ್ತಿಲ ಕೋಣೆಯಲ್ಲಿ ನಾನಿದ್ದೆ. ಕಥೆ ಅವರ ಕಿವಿಗೂ ಬಿದ್ದ ಸಂಜೆ ಅವರು ಮೊದಲ ಸಲ ಬಟ್ಟಲಲ್ಲಿ ಪಲ್ಯ ತಂದುಕೊಟ್ಟು, ನನ್ನನ್ನು ನೋಡದೆ, "ಇಷ್ಟು ಚಿಕ್ಕ ವಯಸ್ಸಿಗೆ" ಎಂದರು. ಬೇರೆ ಇಟ್ಟಿದ್ದ ಕೊಡಪಾನ ಮಾಯವಾಯಿತು.

ಎರಡು ದಿನ ಕಳೆದು ಬೆಳಿಗ್ಗೆ ಬಾಗಿಲು ತಟ್ಟಿ, "ಮೇಷ್ಟ್ರಮ್ಮ, ಒಂದ್ ಗಳಿಗೆ ಒಳಗೇ ಇರಿ, ನಮ್ಮ ಯಜಮಾನ್ರು ಸಂತೆಗೆ ಹೊರಡ್ತಾರೆ" ಎಂದರು. ದನಿಯಲ್ಲಿ ಸಂಕೋಚವಿತ್ತು. ಇದ್ದೆ. ಮುಂಚೆ ಗಾಡಿಯವರು ನನ್ನ ಕೊಡೆಯನ್ನು ನೋಡಿ ತಮ್ಮೊಳಗೆ ಏನೋ ಹೇಳಿಕೊಂಡು ನಗುತ್ತಿದ್ದರು. ಈಗ ನಾನು ಎದುರಾದರೆ ಎತ್ತು ನಿಲ್ಲಿಸಿ, ನಾನು ದಾಟಿ ಹೋಗುವವರೆಗೆ ಬೇರೆ ಕಡೆ ನೋಡುತ್ತಿದ್ದರು. ಆ ನಗು ಬೇಕು ಎನ್ನಿಸಿದ ದಿನಗಳಿದ್ದವು. ಗಾಡಿಗಳೆಲ್ಲ ಹೋದ ಮೇಲೆ ಹೊರಡುವುದನ್ನು ರೂಢಿ ಮಾಡಿಕೊಂಡೆ. ಸಂಜೆ ಒಬ್ಬಳಿಗೆ ಅನ್ನ ಮಾಡಿಕೊಂಡು, ಮರುದಿನದ ಆಟಕ್ಕೆ ಬಟ್ಟೆಯ ಚೂರುಗಳನ್ನು ಬಣ್ಣ ಬಣ್ಣಕ್ಕೆ ಜೋಡಿಸಿ ಇಡುತ್ತಿದ್ದೆ. ಮಾತಿಲ್ಲದೆ ರಾತ್ರಿಯಾಗುತ್ತಿತ್ತು.

ದೀಪಾವಳಿ ಹತ್ತಿರ ಬಂತು. ಮಕ್ಕಳು ತುಂಬಿದ್ದರು, ಅಜ್ಜಿ ದಿನವೂ ಬಂದು ಗೊರಕೆ ಹೊಡೆಯುತ್ತಿದ್ದರು, ತಾಯಂದಿರು ಮಾತ್ರ ಬಾಗಿಲಿಗೆ ಮಗು ಬಿಟ್ಟು ಹೋಗುತ್ತಿದ್ದರು.

"ಅಜ್ಜಿ, ಈಗಲೂ ಏಕೆ ಬರುವುದಿಲ್ಲ? ತಳವಾರನಿಂದ ಇನ್ನೊಂದು ಸಲ ಹೇಳಿಸಲೇ?"

ಅಜ್ಜಿ ನನ್ನನ್ನು ನೋಡಿದ ರೀತಿ ಮರೆಯುವಂತಿಲ್ಲ. "ಬಿಯೇನೋ ಎಂಥದೋ ಓದಿದ್ದೀಯಂತೆ. ತಳವಾರ ಕರದ್ರೆ ಕಂದಾಯಕ್ಕೆ ಹೋಗ್ತೀವಿ, ಪಿಳೇಗಿನ ಸೂಜಿ ಚುಚ್ಚಿಸ್ಕಳಾಕೆ ಹೋಗ್ತೀವಿ. ಮುತ್ತೈದೇರನ್ನ ಯಾರಾದ್ರೂ ಹಂಗೆ ಕರೀತಾರಾ? ಮನೆ ಬಾಗಿಲಿಗೆ ಹೋಗಿ ಕುಂಕುಮ ಇಟ್ಟು ಕರೀಬೇಕು. ಬಂದೋರಿಗೆ ಹೋಗುವಾಗ ಅರಿಶಿನ ಕುಂಕುಮ ಕೊಡಬೇಕು. ಇಲ್ದಿದ್ರೆ ಅದು ಕರದಂಗೇ ಅಲ್ಲ."

ಹುಟ್ಟಿದ ಮನೆಯಲ್ಲಿ ಕಂಡ ಪದ್ಧತಿಯೇ ಅದು. ನನಗೆ ಹೊಳೆದಿರಲಿಲ್ಲ ಎಂದಲ್ಲ. ನನ್ನಿಂದ ಆಗದ್ದಾದ್ದರಿಂದ ಅದನ್ನು ಲೆಕ್ಕದಿಂದಲೇ ಬಿಟ್ಟಿದ್ದೆ.

ಅಜ್ಜಿಯೇ, "ನೀನೂ ಕರಿಯಂಗಿಲ್ಲ, ನಾನೂ ಕರಿಯಂಗಿಲ್ಲ. ನನ್ನ ಸೊಸೇನ ಕಳಿಸ್ತೀನಿ" ಎಂದರು.

ಗುರುವಾರ ಸಂಜೆ ಅಂಗಡಿಗೆ ಹೋಗಿ ಅರಿಶಿನ, ಕುಂಕುಮ, ಎಲೆ ಅಡಿಕೆ ಕೇಳಿದೆ. ಅಂಗಡಿಯವನು ಪೊಟ್ಟಣ ಕಟ್ಟುತ್ತ ಒಂದು ಕ್ಷಣ ನಿಂತು, "ಯಾರಿಗಮ್ಮ?" ಎಂದ. "ಶಾಲೆಗೆ" ಎಂದೆ.

ಶುಕ್ರವಾರ ಬೆಳಿಗ್ಗೆ ಹುಡುಗಿಯ ತಾಯಿ ಸ್ನಾನ ಮಾಡಿ, ತಟ್ಟೆ ಹಿಡಿದು ಮನೆ ಮನೆಗೆ ಹೋಗಿ ಬಂದಳು. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಅವರೆಲ್ಲ ಒಟ್ಟಿಗೇ ಬಂದರು, ಒಬ್ಬರ ಹಿಂದೆ ಒಬ್ಬರು, ನೀರು ಹಚ್ಚಿ ತಲೆ ಬಾಚಿಕೊಂಡು, ಹೂ ಮುಡಿದು. ಉಗ್ರಾಣದ ಕೋಣೆ ಬಳೆಯ ಸದ್ದಿನಿಂದ ತುಂಬಿಹೋಯಿತು. ಮೊದಲು ಯಾರೂ ಚಾಪೆಯ ಮೇಲೆ ಕೂರಲಿಲ್ಲ. ಮಕ್ಕಳೇ ತಂತಮ್ಮ ತಾಯಿಯನ್ನು ಎಳೆದು ಕೂರಿಸಿ, ಮರಳಿನಲ್ಲಿ ತಾವು ಎಳೆದ ಗೆರೆಗಳನ್ನು ತೋರಿಸಿದರು. ತೆಲುಗು ಮನೆಮಾತಿನ ಒಬ್ಬಾಕೆ, ತನ್ನ ಮಗ ನೀರನ್ನು ಚೆಲ್ಲದೆ ಚೊಂಬಿನಿಂದ ಲೋಟಕ್ಕೆ ಸುರಿಯುವುದನ್ನು ನೋಡಿ ಗಲ್ಲಕ್ಕೆ ಕೈಯಿಟ್ಟು, "ಇಂಟ್ಲೋ ಇಟ್ಲಾ ಉಂಡಡಮ್ಮಾ! ಮನೇಲಿ ಹಿಂಗಿರಲ್ಲ, ರಾಕ್ಷಸ!" ಎಂದಳು.

ಮನೆಯಲ್ಲಿ ಏನು ಮಾಡಬೇಕೆಂದು ನಾನು ಹೇಳಿದೆ. ಬಳಪ, ಸ್ಲೇಟು ಬೇಡ. ಅವರೆಬೀಜ ಆರಿಸುವಾಗ ಮಗುವಿನ ಮುಂದೆ ಒಂದು ಹಿಡಿ ಹಾಕಿ. ರಾಗಿ ಬೀಸುವಾಗ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿ. ಕೇಳಿದ್ದಕ್ಕೆ ಉತ್ತರ ಕೊಡಿ.

"ಅವಳ್ ಕೈಗೆ ಕೊಟ್ರೆ ನಮ್ ಕೆಲ್ಸ ಎರಡಾಗ್ತದಲ್ಲ ಮೇಷ್ಟ್ರಮ್ಮ," ಎಂದಳು ಒಬ್ಬಳು.

"ಆಗಲಿ. ಎರಡನೆಯದು ಅವಳ ಪಾಠ."

"ಗಂಡುಡ್ರಿಗೂ ಬೀಜ ಆರಿಸೋದು ಕಲಿಸ್ಬೇಕಾ?"

"ಕಲಿಸಿ."

"ಅಂಗಾದ್ರೆ ನಮ್ಮನೆ ದೊಡ್ಡ ಗಂಡುಡುಗನ್ನೂ ಇಲ್ಲಿಗೆ ಕಳಿಸ್ತೀನಿ," ಎಂದು ಅವಳು ಗಂಡನನ್ನೇ ಹೇಳಿದಾಗ ಕೋಣೆಯೆಲ್ಲ ನಕ್ಕಿತು. ಹುಡುಗಿಯ ತಾಯಿ, ನನ್ನೊಂದಿಗೆ ಅಲ್ಲಿಯವರೆಗೆ ನೇರ ಮಾತನಾಡದವಳು, "ನಮ್ಮನೇಲಿ ಈಗ್ಲೂ ಕಣ್ಣು ಮುಚ್ಚೇ ಉಣ್ಣೋದು. ಬೆಕ್ಕನ್ನ ಆಚೆಗೆ ಹಾಕಿ ಕದ ಹಾಕ್ಕತೀವಿ, ಅಷ್ಟೇಯ" ಎಂದಳು. ಅವಳು ಹೇಳಿದ್ದು ನನ್ನ ಮುಖ ನೋಡಿಕೊಂಡೇ. ಆ ಊರಿಗೆ ಬಂದ ಮೇಲೆ ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು.

ಬಿಸಿಲು ಇಳಿಯತೊಡಗಿದಾಗ ಒಬ್ಬೊಬ್ಬರೇ ಸೆರಗು ಸರಿಮಾಡಿಕೊಂಡರು, ಆದರೆ ಏಳಲಿಲ್ಲ. ಮಾತು ನಿಂತಿತು. ಅರಿಶಿನ ಕುಂಕುಮದ ತಟ್ಟೆ ಗೂಡಿನಲ್ಲಿತ್ತು. ಎಲ್ಲರೂ ಅದನ್ನು ಬಿಟ್ಟು ಬೇರೆಲ್ಲವನ್ನೂ ನೋಡುತ್ತಿದ್ದರು. ಅಜ್ಜಿ ಬಾಗಿಲ ಪಕ್ಕದಿಂದ ಎದ್ದು, ಮಂಡಿ ಹಿಡಿದುಕೊಂಡು ಹಿಂಬಾಗಿಲ ಕಡೆ ನಡೆದರು. ನಾನು ತಟ್ಟೆ ಇರುವ ಕಡೆಗೆ ಕೈ ತೋರಿಸಿ ಹುಡುಗಿಯ ತಾಯಿಗೆ, "ನೀವು ಕೊಡಿ" ಎಂದು ಹೇಳಿ, ಅಜ್ಜಿಯ ಹಿಂದೆಯೇ ಹೊರಗೆ ಹೋದೆ. ಬಾಗಿಲು ಎಳೆದುಕೊಂಡೆ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಜ್ಜಿ ಕೂತರು, ನಾನು ಬೇವಿನ ಮರಕ್ಕೆ ಒರಗಿ ನಿಂತೆ. ಒಳಗೆ ಮತ್ತೆ ನಗು, ಬಳೆ, "ಸಾಕು ಬುಡೇ, ಹಣೆ ತುಂಬ ಬಳೀತೀಯ" ಎಂಬ ದನಿ. ಅಜ್ಜಿ ಮಂಡಿ ನೀವಿಕೊಳ್ಳುತ್ತ ಮಳೆಯ ಮಾತಾಡಿದರು, ಮೇಕೆಯೊಂದು ಗಬ್ಬವಾದ ಮಾತಾಡಿದರು. ನಾನು ಹೂಂಗುಟ್ಟುತ್ತಿದ್ದೆ. ಅವರು ಇದಕ್ಕೆ ನಲವತ್ತು ವರ್ಷ ಪಳಗಿದವರು. ನಾನೂ ಮುಂದೆ ಹೀಗೆ ಮೇಕೆಯ ಮಾತಾಡುತ್ತ ಕೂರಬಲ್ಲೆನೇ ಎಂದು ಯೋಚಿಸಿದೆ.

"ಆಯ್ತು, ಬರ್ರಿ ಮೇಷ್ಟ್ರಮ್ಮ," ಎಂದು ಒಳಗಿನಿಂದ ಕರೆದರು.

ಮುಂದಿನ ತಿಂಗಳು ಇನ್ಸ್‌ಪೆಕ್ಟ್ರೆಸ್ ಅವರು ಶುಕ್ರವಾರವೇ ಬಂದು, ತುಂಬಿದ ಚಾಪೆಗಳನ್ನು ನೋಡಿ, "ಇನ್ನು ಮಧುಗಿರಿಯ ಮಾತಿಲ್ಲ" ಎಂದರು. ಹೇಗೆ ಸಾಧಿಸಿದಿರಿ ಎಂದು ಕೇಳಿದರು. ಮನೆಗಳಿಗೆ ಹೋಗಿ ಕರೆದೆವು ಎಂದೆ. ಅವರ ಹಣೆಯಲ್ಲೂ ಕುಂಕುಮವಿತ್ತು. ಆ ದಿನ ತಟ್ಟೆ ಮೊದಲು ಅವರ ಮುಂದೆ ಹೋಯಿತು. ಆ ಹೊತ್ತಿಗೆ ನಾನು ಹೊರಗಿದ್ದೆ.

ಮುಂದೆ ಪ್ರತಿ ಶುಕ್ರವಾರವೂ ಹೀಗೆಯೇ ನಡೆಯಿತು. ಯಾರೂ ಸೂಚಿಸದೆ ನಾನು ಸರಿಯಾದ ಹೊತ್ತಿಗೆ ಎದ್ದು ಹೋಗುತ್ತಿದ್ದೆ. ಕುಂಕುಮ ಮುಗಿದ ಮೇಲೂ ತಾಯಂದಿರು ಹೊರಡುತ್ತಿರಲಿಲ್ಲ. ನಾನು ಒಳಗೆ ಬರುವವರೆಗೆ ಕಾಯುತ್ತಿದ್ದರು, ನನಗೆ ಹೇಳದೆ ಹೋಗುವುದು ಅವರಿಗೆ ಮರ್ಯಾದೆಯಾಗಿ ಕಾಣುತ್ತಿರಲಿಲ್ಲ. ಆದರೆ ಹೇಳುತ್ತಿದ್ದದ್ದು ಹೊಸ್ತಿಲು ದಾಟಿ ಬೀದಿಗೆ ಇಳಿದ ಮೇಲೆ, ಹಿಂತಿರುಗಿ ನೋಡಿ. ಹೊರಡುವಾಗ ನಾನು ಎದುರಿಗಿರಬಾರದು, ಬೆನ್ನ ಹಿಂದೆ ಇರಬಹುದು. ಅದಕ್ಕೆ ತಕ್ಕಂತೆ ನಾನು ಗೋಡೆಯ ಬಳಿ ನಿಲ್ಲುವುದನ್ನು ಕಲಿತೆ.

"ಬತ್ತೀವಿ ಮೇಷ್ಟ್ರಮ್ಮ."

"ಹೋಗಿ ಬನ್ನಿ," ಎನ್ನುತ್ತಿದ್ದೆ ಒಳಗಿನಿಂದ. ಅವರ ಮಾತು ಬೀದಿಯ ತಿರುವಿನಲ್ಲಿ ಕೇಳದಾಗುವವರೆಗೆ ನಿಂತಿದ್ದು, ಆಮೇಲೆ ಚಾಪೆಗಳನ್ನು ಸುತ್ತಿ ಇಡುತ್ತಿದ್ದೆ.